ಮಠದ ಬೇಸಿಗೆ ಶಿಬಿರ: ಅಕ್ಕನಿಗೆ ಒಂದು ಉತ್ತರ, ತಮ್ಮನಿಗೆ ಇನ್ನೊಂದು

ಪ್ರಶ್ನೆ: ನಾವು ದಾವಣಗೆರೆಯವರು. ನಾನು ಬ್ಯಾಂಕಿನಲ್ಲಿದ್ದೇನೆ, ಯಜಮಾನರದು ಸ್ವಂತ ವ್ಯಾಪಾರ. ಮಗಳಿಗೆ 12 ವರ್ಷ, ಮಗನಿಗೆ 9. ನಮ್ಮ ಮನೆಯವರು ಮೊದಲಿನಿಂದ ನಡೆದುಕೊಂಡು ಬಂದಿರುವ ಮಠ ಮಲೆನಾಡಿನಲ್ಲಿ, ಹೊಳೆ ದಂಡೆಯಲ್ಲಿದೆ. ಅಲ್ಲಿ ಪ್ರತಿ ಬೇಸಿಗೆ ರಜೆಯಲ್ಲಿ 15 ದಿನ ಸಂಸ್ಕಾರ ಶಿಬಿರ ನಡೆಯುತ್ತದೆ. ಊಟ, ವಸತಿ ಅಲ್ಲೇ. ಬೆಳಿಗ್ಗೆ 5ಕ್ಕೆ ಏಳಿಸುತ್ತಾರೆ. ಸ್ತೋತ್ರ, ಭಜನೆ, ಯೋಗ, ಪುರಾಣದ ಕಥೆ, ಸಂಜೆ ಆಟ. ಮೊಬೈಲ್ ಇಲ್ಲ. ಇಬ್ಬರೂ ಹೋಗಲೇಬೇಕು ಅಂತ ಅತ್ತೆಯವರ ಹಟ. ‘ಈಗಿನ ಮಕ್ಕಳಿಗೆ ದೇವರಿಲ್ಲ ದಿಂಡರಿಲ್ಲ, ಬರೀ ಮೊಬೈಲು’ ಅನ್ನುತ್ತಾರೆ. ಯಜಮಾನರು ನನಗೆ ಒಂದು ಮಾತೂ ಹೇಳದೆ ಮುಂಗಡ ಕಟ್ಟಿ ಬಂದಿದ್ದಾರೆ. ಮಗಳಿಗೆ ಹೋಗುವ ಆಸೆ ಇದೆ, ಕ್ಲಾಸಿನ ಗೆಳತಿ ಹೋಗುತ್ತಿದ್ದಾಳೆ. ಮಗ ಒಲ್ಲೆ ಅಂತ ಅಳುತ್ತಾನೆ. ಅವನು ಈಗಲೂ ವಾರಕ್ಕೆ ಒಂದೆರಡು ಸಲ ಹಾಸಿಗೆಯಲ್ಲಿ ಉಚ್ಚೆ ಮಾಡಿಕೊಳ್ಳುತ್ತಾನೆ. ‘ಶಿಬಿರಕ್ಕೆ ಹೋದರೆ ತಾನೇ ಸರಿಹೋಗುತ್ತೆ’ ಅನ್ನುತ್ತಾರೆ ಅತ್ತೆ. ನಾನು ದೇವರನ್ನು ನಂಬದವಳೇನಲ್ಲ, ಪೂಜೆ ಪುನಸ್ಕಾರ ಕಡಿಮೆ ಅಷ್ಟೆ. ಆದರೆ ಮಕ್ಕಳ ತಲೆಗೆ ಏನೇನೋ ತುಂಬಿ ಕಳಿಸಿದರೆ? ಮಗನ ಪ್ರಾಣಸ್ನೇಹಿತ ಎದುರು ಮನೆಯ ಮುಸ್ಲಿಂ ಹುಡುಗ. ಅಲ್ಲಿಂದ ಬಂದ ಮೇಲೆ ಅವನ ಜೊತೆ ಆಡಲ್ಲ ಅಂದರೆ? ಪತ್ರಿಕೆಗಳಲ್ಲಿ ಓದುವ ಸುದ್ದಿಗಳಿಂದ ಇನ್ನೊಂದು ಭಯವೂ ಇದೆ. ಅದನ್ನು ಬಾಯಿಬಿಟ್ಟು ಹೇಳಿದರೆ ‘ಮಠದ ಮೇಲೇ ಅನುಮಾನವಾ?’ ಅಂತ ಜಗಳ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕು ಪ್ರಶ್ನೆಗಳು ಒಂದಕ್ಕೊಂದು ಸಿಕ್ಕುಹಾಕಿಕೊಂಡಿವೆ. ಅಲ್ಲಿ ಹೇಳಿಕೊಡುವ ಧರ್ಮದಿಂದ ಮಕ್ಕಳಿಗೆ ಒಳಿತೋ ಕೆಡುಕೋ ಎಂಬುದು ಒಂದು. ರಾತ್ರಿ ಹೊತ್ತು ಮಕ್ಕಳು ಅಲ್ಲಿ ಕ್ಷೇಮವಾಗಿರುತ್ತಾರೋ ಎಂಬುದು ಎರಡು. ಒಂಬತ್ತರ ಹುಡುಗ 15 ದಿನ ಮನೆ ಬಿಟ್ಟು ಇರಬಲ್ಲನೋ ಎಂಬುದು ಮೂರು. ನಾಲ್ಕನೆಯದನ್ನು ನೀವು ಪ್ರಶ್ನೆಯಾಗಿ ಕೇಳಿಲ್ಲ, ಆದರೆ ಸಾಲುಗಳ ನಡುವೆ ಅದೇ ಕುದಿಯುತ್ತಿದೆ: ನಿಮಗೆ ಹೇಳದೆ ದುಡ್ಡು ಕಟ್ಟಿದ್ದು. ಮನೆಯಲ್ಲಿ ಜಗಳ ನಡೆಯುತ್ತಿರುವುದು ಮೊದಲನೆಯದರ ಮೇಲೆ. ತೀರ್ಮಾನ ಆಗಬೇಕಾದದ್ದು ಎರಡು ಮತ್ತು ಮೂರರ ಮೇಲೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಮಗನನ್ನು ಈ ವರ್ಷ ಕಳಿಸಬೇಡಿ. ಮಗಳನ್ನು, ಕೆಲವು ಪ್ರಶ್ನೆಗಳಿಗೆ ಸರಿಯಾದ ಉತ್ತರ ಸಿಕ್ಕರೆ, ಕಳಿಸಿ. ಅಣ್ಣ ತಮ್ಮ ಅಕ್ಕ ತಂಗಿ ಎಲ್ಲರನ್ನೂ ಒಂದೇ ಗಾಡಿಗೆ ಹತ್ತಿಸುವುದು ನಮ್ಮ ಮನೆಗಳ ಅಭ್ಯಾಸ, ಆದರೆ ಇದು ಹಾಗೆ ಹತ್ತಿಸುವ ಗಾಡಿಯಲ್ಲ.

ನೀವು ಮಠದ ಹೆಸರನ್ನೂ ಬರೆದಿದ್ದಿರಿ, ನಾನು ಅದನ್ನು ಬಿಟ್ಟಿದ್ದೇನೆ. ಉತ್ತರಕ್ಕೆ ಅದು ಬೇಕಿಲ್ಲ. ಮಾರ್ಚ್ ಬಂತೆಂದರೆ ಇದೇ ಪ್ರಶ್ನೆ ಹಿಡಿದು ತಂದೆತಾಯಿ ಬರುತ್ತಾರೆ, ಶಿಬಿರದ ಹೆಸರಷ್ಟೇ ಬೇರೆ: ವೇದ ಶಿಬಿರ, ವಚನ ಶಿಬಿರ, ಬಸದಿಯ ಪಾಠಶಾಲೆ, ಮಸೀದಿಯ ದೀನಿಯಾತ್ ತರಗತಿ, ಚರ್ಚಿನ ವಿ.ಬಿ.ಎಸ್. ಈ ಕೊನೆಯದು, ರಜಾ ಬೈಬಲ್ ಶಾಲೆ, ಶುರುವಾದದ್ದು 1898ರಲ್ಲಿ ನ್ಯೂಯಾರ್ಕ್‌ನ ಬಡವರ ಓಣಿಗಳಲ್ಲಿ. ರಜೆಯಲ್ಲಿ ಮಕ್ಕಳು ಬೀದಿ ಸುತ್ತುತ್ತಾರಲ್ಲ, ಅವರನ್ನು ಒಂದು ಕಡೆ ಕೂರಿಸೋಣ ಎಂಬ ಯೋಚನೆ. ನಿಮ್ಮ ಅತ್ತೆಯವರ ಯೋಚನೆಯೂ ಅದೇ. ಬೀದಿಯ ಜಾಗಕ್ಕೆ ಮೊಬೈಲ್ ಬಂದಿದೆ.

ಈಗ ‘ತಲೆಗೆ ತುಂಬುವ’ ವಿಷಯ. 15 ದಿನದಲ್ಲಿ ಒಂದು ಮಗುವಿನ ನಂಬಿಕೆ ಬುಡಮೇಲಾಗುವುದಿಲ್ಲ. ಮಕ್ಕಳ ನಂಬಿಕೆ ಬೇರು ಬಿಡುವುದು ಮನೆಯಲ್ಲಿ ದಿನವೂ ನೋಡುವುದರಿಂದ, ದೊಡ್ಡವರ ಬಾಯಿಂದ ಆಗಾಗ ಕೇಳುವುದರಿಂದ. ಮನೆಯಲ್ಲಿ ಆಸರೆ ಇಲ್ಲದ್ದು ಜೂನ್ ತಿಂಗಳ ಹೋಂವರ್ಕಿನ ಜೊತೆಗೇ ಕರಗಿ ಹೋಗುತ್ತದೆ. ಸ್ತೋತ್ರ ಕಂಠಪಾಠವಾಗುವುದಕ್ಕೂ ಮಗು ‘ಬದಲಾಗುವುದಕ್ಕೂ’ ಸಂಬಂಧವಿಲ್ಲ, ಈ ವಯಸ್ಸಿನಲ್ಲಿ ಅವರಿಗೆ ಜಾಹೀರಾತೂ ಕಂಠಪಾಠ.

ಇನ್ನೊಂದನ್ನು ಗಮನಿಸಿ. ಡೇವಿಡ್ ಎಲ್ಕಿಂಡ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು 1960ರ ದಶಕದ ಆರಂಭದಲ್ಲಿ ಯಹೂದಿ, ಕ್ಯಾಥೊಲಿಕ್, ಪ್ರೊಟೆಸ್ಟಂಟ್ ಮನೆಗಳ ಮಕ್ಕಳಿಗೆ ವಿಚಿತ್ರವಾದ ಪ್ರಶ್ನೆಗಳನ್ನು ಕೇಳಿದರು. ‘ನಾಯಿ, ಬೆಕ್ಕು ಕ್ಯಾಥೊಲಿಕ್ ಆಗಬಹುದಾ?’ ಅಂಥವು. ತೀರಾ ಸಣ್ಣ ಮಕ್ಕಳ ಉತ್ತರಕ್ಕೆ ತಲೆ ಬುಡ ಇರಲಿಲ್ಲ. ಏಳರಿಂದ ಒಂಬತ್ತರವರಿಗೆ ಧರ್ಮವೆಂದರೆ ಕಣ್ಣಿಗೆ ಕಾಣುವ ಕೆಲಸ: ಎಲ್ಲಿಗೆ ಹೋಗುತ್ತಾರೆ, ಏನು ಮಾಡುತ್ತಾರೆ. ‘ಏನನ್ನು ನಂಬುತ್ತಾರೆ’ ಎಂಬ ಮಾತು ಬಂದದ್ದು ಹತ್ತು ದಾಟಿದ ಮೇಲೆ. ಅಂದರೆ ನಿಮ್ಮ ಮಗನಿಗೆ ಶಿಬಿರವೆಂದರೆ ಗಂಟೆ, ವಿಭೂತಿ, ಸಾಲಾಗಿ ಕೂತು ಉಣ್ಣುವ ಪಾಯಸ. ಮಗಳಿಗೆ ಅಲ್ಲಿ ಹೇಳುವ ಮಾತಿನ ಅರ್ಥವೂ ತಟ್ಟುತ್ತದೆ, ಅದನ್ನು ಪ್ರಶ್ನಿಸುವ ಬುದ್ಧಿಯೂ ಅವಳಿಗೆ ಬಂದಿರುತ್ತದೆ.

ಹಾಗಾದರೆ ಚಿಂತೆಯೇ ಬೇಡವೇ? ಒಂದು ವಿಷಯದಲ್ಲಿ ಬೇಕು. ಬೋಧನೆ ಅಳಿಸಿಹೋಗುತ್ತದೆ, ಭಯ ಅಷ್ಟು ಬೇಗ ಹೋಗುವುದಿಲ್ಲ. ಯಮಲೋಕದ ಕೊಪ್ಪರಿಗೆಯಲ್ಲಿ ಎಣ್ಣೆ ಕುದಿಯುತ್ತಿರುತ್ತದೆ, ಸುಳ್ಳು ಹೇಳಿದವರನ್ನು ಅದರಲ್ಲಿ ಅದ್ದುತ್ತಾರೆ ಎಂದು ರಾತ್ರಿ ಮಲಗುವ ಮುಂಚೆ ಹೇಳಿದರೆ ದೊಡ್ಡವರಿಗೆ ಅದು ಕಥೆ. ಏಳೆಂಟು ವರ್ಷದ ಮಗುವಿಗೆ ಅದು ಸುದ್ದಿ. ಕಥೆಯನ್ನು ಅಕ್ಷರಶಃ ತೆಗೆದುಕೊಳ್ಳುವ ವಯಸ್ಸದು. ಸ್ವಭಾವದಲ್ಲೇ ಅಳುಕು ಇರುವ ಮಕ್ಕಳು ಇದರಿಂದ ನಲುಗುವುದನ್ನು ನಾನು ನೋಡಿದ್ದೇನೆ. ‘ದೇವರ ಬಗ್ಗೆ ಕೆಟ್ಟ ಯೋಚನೆ ಬಂತಮ್ಮ, ಏನೂ ಆಗಲ್ವಾ?’ ಎಂದು ದಿನಕ್ಕೆ ಇಪ್ಪತ್ತು ಸಲ ಕೇಳುವುದು, ಮೈಲಿಗೆಯಾಯಿತೆಂದು ಕೈ ತೊಳೆಯುತ್ತಲೇ ಇರುವುದು, ನಮಸ್ಕಾರ ಸರಿಯಾಗಲಿಲ್ಲವೆಂದು ಮತ್ತೆ ಮತ್ತೆ ಮಾಡುವುದು. ಇದು ಗೀಳು ಕಾಯಿಲೆಯ ಲಕ್ಷಣ. ಹತ್ತರ ಆಸುಪಾಸಿನಲ್ಲಿ ಅದು ಮೊದಲು ತಲೆ ಎತ್ತುವುದು ಸಾಮಾನ್ಯ. ಶಿಬಿರದಿಂದ ಆ ಕಾಯಿಲೆ ಹುಟ್ಟುವುದಿಲ್ಲ, ಒಳಗಿದ್ದ ಗೀಳಿಗೆ ಶಿಬಿರ ಒಂದು ವಿಷಯ ಒದಗಿಸುತ್ತದೆ, ಅಷ್ಟೆ. ಚಿಕಿತ್ಸೆ ಇದೆ, ಚೆನ್ನಾಗಿಯೇ ಗುಣವಾಗುತ್ತದೆ. ಆದರೆ ಮನೆತನದಲ್ಲಿ ಗೀಳು ಇದ್ದವರಿದ್ದರೆ, ಮಗುವಿನಲ್ಲಿ ಅದರ ಸುಳಿವು ಈಗಾಗಲೇ ಇದ್ದರೆ, ಪಾಪ-ಪುಣ್ಯದ ಲೆಕ್ಕ ಜೋರಾಗಿರುವ ಶಿಬಿರ ಅಂಥ ಮಗುವಿಗಲ್ಲ.

ಇದಕ್ಕೆ ಎದುರಾಗಿ ನಿಮ್ಮ ಅತ್ತೆಯವರ ಕಡೆಯೂ ಒಂದು ಹುಸಿ ನಂಬಿಕೆ ಇದೆ: ಶಿಬಿರಕ್ಕೆ ಹೋದರೆ ಶಿಸ್ತು ಬರುತ್ತದೆ, ಮೊಬೈಲ್ ಹುಚ್ಚು ಬಿಡುತ್ತದೆ. ಅಲ್ಲಿ ಇರುವಷ್ಟು ದಿನ ಬಿಡುತ್ತದೆ ನಿಜ. ಐದಕ್ಕೆ ನೂರು ಮಕ್ಕಳು ಏಳುವ ಕಡೆ ಇವರೂ ಏಳುತ್ತಾರೆ. ಮನೆಗೆ ಬಂದು ಅಪ್ಪ ಎಂಟಕ್ಕೆ ಎದ್ದು ಹಾಸಿಗೆಯಲ್ಲೇ ಫೋನ್ ನೋಡುವುದನ್ನು ಕಂಡ ಮೇಲೆ ಎಷ್ಟು ದಿನ ಅಂತ ಏಳುತ್ತಾರೆ? ಶಿಬಿರದಿಂದ ನಿಜವಾಗಿ ಉಳಿಯುವುದು ಬೇರೆ ಥರದ ಚಿಕ್ಕ ಚಿಕ್ಕ ಸಂಗತಿಗಳು. ತನ್ನ ತಟ್ಟೆ ತಾನು ತೊಳೆಯುವುದು, ಬಟ್ಟೆ ಹಿಂಡಿ ಹರವುವುದು, ಇಷ್ಟವಿಲ್ಲದ ಪಲ್ಯವನ್ನೂ ತಿನ್ನುವುದು, ಗೊತ್ತಿಲ್ಲದ ಮಕ್ಕಳ ನಡುವೆ ಜಾಗ ಮಾಡಿಕೊಳ್ಳುವುದು, ನಾಲ್ಕು ಜನರ ಎದುರು ಗಂಟಲು ಬಿಟ್ಟು ಹಾಡುವುದು. ಇವು ಸಣ್ಣ ಲಾಭವಲ್ಲ. ನಿಮ್ಮ ಮಗಳಿಗೆ ಇವು ಸಿಗಲಿ ಎಂದೇ ನಾನು ಕಳಿಸಿ ಎನ್ನುತ್ತಿರುವುದು.

ಎದುರು ಮನೆಯ ಗೆಳೆಯನ ಬಗ್ಗೆ ನಿಮ್ಮ ಆತಂಕ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡಿತು. ‘ನಾವು’, ‘ಅವರು’ ಎಂಬ ಗೆರೆ ಎಳೆಯಲು ಧರ್ಮವೇ ಬೇಕೆಂದಿಲ್ಲ. 1954ರಲ್ಲಿ ಅಮೆರಿಕದ ಒಕ್ಲಹೋಮಾದ ರಾಬರ್ಸ್ ಕೇವ್ ಎಂಬಲ್ಲಿ ಮುಜಫರ್ ಶೆರಿಫ್ ಮತ್ತು ಸಂಗಡಿಗರು ಒಂದು ಬೇಸಿಗೆ ಶಿಬಿರ ನಡೆಸಿದರು. 22 ಹುಡುಗರು, ಎಲ್ಲರೂ 11-12ರ ಆಸುಪಾಸು, ಎಲ್ಲರೂ ಬಿಳಿಯರು, ಪ್ರೊಟೆಸ್ಟಂಟರು, ಮಧ್ಯಮ ವರ್ಗದವರು. ಎರಡು ಗುಂಪು ಮಾಡಿ ಪೈಪೋಟಿಗೆ ಬಿಟ್ಟರು. ಕೆಲವೇ ದಿನಗಳಲ್ಲಿ ಒಬ್ಬರ ಬಾವುಟ ಇನ್ನೊಬ್ಬರು ಸುಟ್ಟರು, ಒಬ್ಬರ ಕೋಣೆಗೆ ಇನ್ನೊಬ್ಬರು ನುಗ್ಗಿದರು. ಆಮೇಲೆ ನೀರಿನ ಪೂರೈಕೆ ಕೆಟ್ಟಿದೆ, ಎಲ್ಲರೂ ಸೇರಿ ಸರಿಮಾಡಬೇಕು ಎಂಬಂಥ ಕೆಲಸಗಳನ್ನು ಕೊಟ್ಟಾಗ ಅದೇ ಹುಡುಗರು ಒಂದಾದರು. ಪ್ರಯೋಗ ಮಾಡಿದವರೇ ಹುಡುಗರನ್ನು ಬೇಕೆಂತಲೇ ಕೆರಳಿಸಿದರು ಎಂಬ ಟೀಕೆ ಆಮೇಲೆ ಬಂತು. ನಮ್ಮ ಲೆಕ್ಕಕ್ಕೆ ಆ ಟೀಕೆಯೂ ಉಪಯೋಗದ್ದೇ: ಮಕ್ಕಳು ತಾವಾಗಿ ಜಗಳಕ್ಕೆ ಇಳಿಯಲಿ, ದೊಡ್ಡವರು ಇಳಿಸಲಿ, ದಿಕ್ಕು ನಿರ್ಧಾರವಾಗುವುದು ಶಿಬಿರ ನಡೆಸುವವರ ಕೈಯಲ್ಲಿ.

ಹಾಗಾಗಿ ‘ಇದು ಧಾರ್ಮಿಕ ಶಿಬಿರವೇ’ ಎಂದು ಕೇಳುವುದರಿಂದ ಉಪಯೋಗವಿಲ್ಲ, ‘ಬೇರೆಯವರ ಬಗ್ಗೆ ಅಲ್ಲಿ ಏನು ಹೇಳುತ್ತಾರೆ’ ಎಂದು ಕೇಳಿ. ತಮ್ಮ ದೇವರ ಕಥೆಯನ್ನು ಪ್ರೀತಿಯಿಂದ ಹೇಳುವ ಶಿಬಿರ ಒಂದು ಜಾತಿ. ಕಥೆ ಮುಗಿದ ಮೇಲೆ ‘ನಮ್ಮನ್ನು ಯಾರು ಹಾಳು ಮಾಡಿದರು ಗೊತ್ತಾ’ ಎಂದು ಶುರುಮಾಡುವ ಶಿಬಿರ ಬೇರೆ ಜಾತಿ. ಆಮಂತ್ರಣದ ಹಾಳೆಯಲ್ಲಿ ಇದು ಗೊತ್ತಾಗುವುದಿಲ್ಲ. ಹೋದ ವರ್ಷ ಹೋಗಿ ಬಂದ ಮಕ್ಕಳನ್ನು ಕೇಳಿದರೆ ಗೊತ್ತಾಗುತ್ತದೆ. ಅವರ ಅಪ್ಪ ಅಮ್ಮನನ್ನು ಕೇಳಬೇಡಿ, ಮಕ್ಕಳನ್ನೇ ಕೇಳಿ: ‘ಅಲ್ಲಿ ಹೇಳಿದ ಕಥೆಯಲ್ಲಿ ಕೆಟ್ಟವರು ಯಾರಿದ್ದರು?’ ರಾಕ್ಷಸರ ಹೆಸರು ಬಂದರೆ ಚಿಂತೆಯಿಲ್ಲ. ನಿಮ್ಮ ಬೀದಿಯವರ ಹೆಸರು ಬಂದರೆ ಕಳಿಸಬೇಡಿ. ಊಟದ ಸಾಲನ್ನೂ ಕೇಳಿ. ಎಲ್ಲ ಮಕ್ಕಳೂ ಒಂದೇ ಪಂಕ್ತಿಯಲ್ಲಿ ಕೂರುತ್ತಾರೋ, ಇವರಿಗೊಂದು ಅವರಿಗೊಂದೋ? ಪಂಕ್ತಿಭೇದ ಇರುವ ಕಡೆ ಬೆಳಿಗ್ಗೆಯ ಪಾಠದಲ್ಲಿ ‘ಎಲ್ಲರೂ ದೇವರ ಮಕ್ಕಳು’ ಎಂದರೂ ಮಧ್ಯಾಹ್ನದ ಪಾಠವೇ ಮಕ್ಕಳಿಗೆ ನೆನಪಿರುತ್ತದೆ.

ಇನ್ನು ನೀವು ಬಾಯಿಬಿಟ್ಟು ಹೇಳಲಾರದ ಭಯ. ಅದನ್ನು ಹೇಳಿ. ಅದು ಮಠದ ಮೇಲಿನ ಅನುಮಾನವಾಗಬೇಕಿಲ್ಲ. ಈಜು ಶಿಬಿರಕ್ಕೆ, ಕ್ರಿಕೆಟ್ ಶಿಬಿರಕ್ಕೆ, ನಾಟಕ ಶಿಬಿರಕ್ಕೆ ಕಳಿಸಿದರೂ ಇದೇ ಪ್ರಶ್ನೆ ಕೇಳುತ್ತೇನೆ ಎಂದು ಹೇಳಿ, ಮತ್ತು ನಿಜಕ್ಕೂ ಕೇಳಿ. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯದ 2007ರ ಅಧ್ಯಯನದಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ಒಂದಲ್ಲ ಒಂದು ರೀತಿಯ ಲೈಂಗಿಕ ಕಿರುಕುಳ ಅನುಭವಿಸಿದ್ದಾಗಿ ಹೇಳಿದ್ದರು. ಕಿರುಕುಳ ಕೊಟ್ಟವರಲ್ಲಿ ಸುಮಾರು ಅರ್ಧದಷ್ಟು ಮಂದಿ ಮಗುವಿಗೆ ಪರಿಚಯದವರು, ಮಗು ನಂಬಿದವರು. ಅಂದರೆ ಅಪಾಯ ಮಠಕ್ಕೆ ಸೀಮಿತವಲ್ಲ. ಆದರೆ ಮಠ, ಚರ್ಚು, ಮದರಸಾ ಎಂದಾಗ ಒಂದು ತೊಡಕು ಹೆಚ್ಚು: ಅಲ್ಲಿನ ದೊಡ್ಡವರ ಮಾತಿಗೆ ಎದುರಾಡಬಾರದು ಎಂದು ನಾವೇ ಮಕ್ಕಳಿಗೆ ಕಲಿಸಿರುತ್ತೇವೆ. ಕಾಲಿಗೆ ಬೀಳಿಸಿದ ವ್ಯಕ್ತಿಯ ಮೇಲೆ ಮಗು ದೂರು ಹೇಳುವುದು ಕಷ್ಟ. ಹೇಳಿದರೂ ಮನೆಯವರು ನಂಬುವುದು ಇನ್ನೂ ಕಷ್ಟ.

ಕಾನೂನು ನಿಮ್ಮ ಕಡೆಗಿದೆ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ ಪೋಕ್ಸೊ ಕಾಯ್ದೆ 2012ರದ್ದು. ಅದರಡಿ 2020ರಲ್ಲಿ ಬಂದ ನಿಯಮಗಳ ಪ್ರಕಾರ ಮಕ್ಕಳನ್ನು ಇರಿಸಿಕೊಳ್ಳುವ, ಮಕ್ಕಳ ಜೊತೆ ನಿಯಮಿತ ಒಡನಾಟ ಇರುವ ಯಾವುದೇ ಸಂಸ್ಥೆ ತನ್ನ ಸಿಬ್ಬಂದಿಯ ಪೊಲೀಸ್ ಪರಿಶೀಲನೆ ಮಾಡಿಸಬೇಕು. ಕಲಿಸುವವರದ್ದಷ್ಟೇ ಅಲ್ಲ, ಮಕ್ಕಳ ಸಂಪರ್ಕಕ್ಕೆ ಬರುವ ಉಳಿದ ಕೆಲಸಗಾರರದ್ದೂ. ಮಗುವಿಗೆ ಹೀಗಾಗಿದೆ ಎಂದು ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಟ್ಟರೆ ಅದೂ ಅಪರಾಧ. ಫೋನ್ ಮಾಡಿ ‘ನಿಮ್ಮಲ್ಲಿ ಪೊಲೀಸ್ ವೆರಿಫಿಕೇಶನ್ ಮಾಡಿಸಿದ್ದೀರಾ?’ ಎಂದು ಕೇಳಿದರೆ ಬೇಸರ ಮಾಡಿಕೊಳ್ಳುವವರು ಇರುತ್ತಾರೆ, ‘ಮಾಡಿಸಿದ್ದೇವೆ, ಬಂದು ನೋಡಿ’ ಎನ್ನುವವರೂ ಇರುತ್ತಾರೆ. ಉತ್ತರಕ್ಕಿಂತ ಉತ್ತರ ಕೊಡುವ ಧಾಟಿಯಲ್ಲೇ ನಿಮಗೆ ಅರ್ಧ ತಿಳಿಯುತ್ತದೆ.

ಸಾಧ್ಯವಾದರೆ ಒಂದು ಭಾನುವಾರ ಹೋಗಿ ನೋಡಿ ಬನ್ನಿ. ದರ್ಶನಕ್ಕೆ ಹೋದ ಹಾಗೆಯೂ ಆಗುತ್ತದೆ, ಅತ್ತೆಯವರನ್ನೂ ಕರೆದುಕೊಂಡು ಹೋಗಿ. ಪೂಜೆಯ ಜಾಗ ನೋಡಬೇಡಿ, ಅದು ಚೆನ್ನಾಗಿಯೇ ಇರುತ್ತದೆ. ಮಕ್ಕಳು ಮಲಗುವ ಹಾಲ್ ನೋಡಿ. ಗಂಡುಮಕ್ಕಳ ಹಾಲ್ ಯಾವುದು, ಹೆಣ್ಣುಮಕ್ಕಳದ್ದು ಯಾವುದು, ರಾತ್ರಿ ಯಾರು ಅಲ್ಲಿ ಮಲಗುತ್ತಾರೆ, ಒಬ್ಬರೋ ಇಬ್ಬರೋ? ಇಬ್ಬರಿರಬೇಕು. ಹಾಲ್‌ನಿಂದ ಶೌಚಾಲಯಕ್ಕೆ ಎಷ್ಟು ದೂರ, ದಾರಿಯಲ್ಲಿ ದೀಪ ಇದೆಯೇ, ಬಾಗಿಲಿಗೆ ಒಳಗಿನಿಂದ ಚಿಲಕ ಇದೆಯೇ? ಹದಿನೇಳು ಹದಿನೆಂಟರ ‘ಸ್ವಯಂಸೇವಕ’ ಹುಡುಗರ ಕೈಗೆ ಚಿಕ್ಕ ಮಕ್ಕಳನ್ನು ಒಪ್ಪಿಸಿ ದೊಡ್ಡವರು ನಿದ್ದೆ ಹೋಗುವ ಪದ್ಧತಿ ಹಲವು ಕಡೆ ಇದೆ, ಇಲ್ಲೂ ಇದೆಯೇ ಕೇಳಿ. ಯಾವ ಮಗುವನ್ನೂ ಒಬ್ಬಂಟಿಯಾಗಿ ಕೋಣೆಗೆ ಕರೆಸಿಕೊಳ್ಳುವುದಿಲ್ಲ, ಕಾಲು ಒತ್ತುವಂಥ ‘ಸೇವೆ’ಯನ್ನು ಮಕ್ಕಳಿಂದ ಮಾಡಿಸುವುದಿಲ್ಲ ಎಂಬ ನಿಯಮ ಇದೆಯೇ? ತಪ್ಪು ಮಾಡಿದ ಮಗುವಿಗೆ ಏನು ಶಿಕ್ಷೆ ಎಂದೂ ಕೇಳಿ. ಬಸ್ಕಿ ಹೊಡೆಸುತ್ತೇವೆ, ಊಟ ಬಿಡಿಸುತ್ತೇವೆ ಎಂದು ನಗುತ್ತಾ ಹೇಳಿದರೆ ಅಲ್ಲಿಗೆ ಮಾತು ಮುಗಿಸಿ ಎದ್ದುಬನ್ನಿ.

ಹೊಳೆಯ ವಿಷಯದಲ್ಲಿ ನನಗೆ ಇವೆಲ್ಲಕ್ಕಿಂತ ಹೆಚ್ಚು ಅಂಜಿಕೆ. ಬೇಸಿಗೆಯ ಹೊಳೆ ಇಳಿದಿರುತ್ತದೆ, ನೋಡಿದರೆ ಮೊಣಕಾಲು ನೀರು. ನಾಲ್ಕು ಹೆಜ್ಜೆ ಆಚೆ ಮರಳು ತೆಗೆದ ಗುಂಡಿ ಇರುತ್ತದೆ, ಇಲ್ಲವೇ ಹಳೆಯ ಮಡು. ಕಲ್ಯಾಣಿಯ ಮೆಟ್ಟಿಲಲ್ಲಿ ಪಾಚಿ. ಬೆಳಗಿನ ಸ್ನಾನ ಹೊಳೆಯಲ್ಲೋ ನಲ್ಲಿಯಲ್ಲೋ ಎಂಬ ಒಂದೇ ಪ್ರಶ್ನೆ ಸಾಕು. ‘ಹೊಳೆಯಲ್ಲೇ, ಮಕ್ಕಳಿಗೆ ಖುಷಿ’ ಎಂದರೆ, ಈಜು ಬಲ್ಲ ಎಷ್ಟು ಜನ ದಂಡೆಯಲ್ಲಿ ನಿಲ್ಲುತ್ತಾರೆ ಎಂದು ಕೇಳಿ. ಏಪ್ರಿಲ್-ಮೇನಲ್ಲಿ ಘಟ್ಟದ ಮೇಲೆ ಮಳೆ ಬಿದ್ದರೆ ಕೆಳಗೆ ಬಿಸಿಲಿದ್ದಾಗಲೇ ನೀರು ಏರಬಹುದು. 2025ರ ಜುಲೈ 4ರ ನಸುಕಿನಲ್ಲಿ ಟೆಕ್ಸಾಸ್‌ನ ಗ್ವಾಡಲೂಪೆ ನದಿ ದಂಡೆಯ ಕ್ರೈಸ್ತ ಬಾಲಕಿಯರ ಶಿಬಿರ, ಕ್ಯಾಂಪ್ ಮಿಸ್ಟಿಕ್‌ಗೆ, ಪ್ರವಾಹ ನುಗ್ಗಿ 27 ಮಂದಿ ಬಾಲಕಿಯರು ಮತ್ತು ಮೇಲ್ವಿಚಾರಕಿಯರು ಸತ್ತರು. ದಶಕಗಳಿಂದ ನಡೆದುಕೊಂಡು ಬಂದ, ತಾಯಂದಿರು ತಾವೂ ಹೋಗಿದ್ದೆವು ಎಂದು ಮಕ್ಕಳನ್ನು ಕಳಿಸುತ್ತಿದ್ದ ಶಿಬಿರ ಅದು. ಇಷ್ಟು ವರ್ಷದಲ್ಲಿ ಏನೂ ಆಗಿಲ್ಲ ಎಂಬ ಮಾತಿಗೆ ಹೊಳೆ ದಂಡೆಯಲ್ಲಿ ಬೆಲೆಯಿಲ್ಲ.

ಮಗನ ವಿಷಯಕ್ಕೆ ಬರೋಣ. ಒಂಬತ್ತರಲ್ಲಿ ಹಾಸಿಗೆ ಒದ್ದೆಯಾಗುವುದು ನೀವು ಅಂದುಕೊಂಡಷ್ಟು ಅಪರೂಪವಲ್ಲ. ಏಳು ವರ್ಷದ ನೂರು ಮಕ್ಕಳಲ್ಲಿ ಸುಮಾರು ಹತ್ತು ಜನರಿಗೆ, ಹತ್ತು ವರ್ಷದವರಲ್ಲಿ ಸುಮಾರು ಐವರಿಗೆ ಇದು ಇರುತ್ತದೆ. ಸೋಮಾರಿತನವಲ್ಲ, ಹಟವಲ್ಲ. ಮೂತ್ರಕೋಶ ತುಂಬಿದ ಸುದ್ದಿ ಗಾಢ ನಿದ್ದೆಯಲ್ಲಿರುವ ಮಿದುಳಿಗೆ ಮುಟ್ಟುವುದಿಲ್ಲ. ಕೆಲವು ಮಕ್ಕಳಲ್ಲಿ ರಾತ್ರಿ ಮೂತ್ರದ ಉತ್ಪತ್ತಿ ತಗ್ಗಿಸುವ ಹಾರ್ಮೋನ್ ಸಾಲದು. ಮಲಬದ್ಧತೆ ಇದ್ದರೂ ಹೆಚ್ಚಾಗುತ್ತದೆ, ಅದನ್ನು ಯಾರೂ ಗಮನಿಸುವುದಿಲ್ಲ. ವಂಶದಲ್ಲಿ ಹರಿದು ಬರುವ ಗುಣವೂ ಹೌದು: ತಂದೆ ತಾಯಿಯಲ್ಲಿ ಒಬ್ಬರಿಗೆ ಇದ್ದಿದ್ದರೆ ಮಗುವಿಗೆ ಬರುವ ಸಾಧ್ಯತೆ ಶೇಕಡಾ 40ಕ್ಕೂ ಮೇಲೆ, ಇಬ್ಬರಿಗೂ ಇದ್ದಿದ್ದರೆ ಶೇಕಡಾ 70 ದಾಟುತ್ತದೆ. ನಿಮ್ಮ ಯಜಮಾನರು ಯಾವ ವಯಸ್ಸಿನವರೆಗೆ ಹಾಸಿಗೆ ಒದ್ದೆ ಮಾಡುತ್ತಿದ್ದರು ಎಂದು ಅತ್ತೆಯವರನ್ನು ಸುಮ್ಮನೆ ಒಮ್ಮೆ ಕೇಳಿ ನೋಡಿ. ಅವರಿಗೆ ನೆನಪಿರುತ್ತದೆ, ಉತ್ತರ ಸಿಕ್ಕರೆ ಮನೆಯ ಗಾಳಿಯೇ ಬದಲಾಗಬಹುದು.

ಶಿಬಿರದಿಂದ ಇದು ಸರಿಹೋಗುವುದಿಲ್ಲ. ದಿನಚರಿ ಬದಲು, ಊಟ ಬದಲು, ಮಲಗುವಾಗ ದೊಡ್ಡ ಲೋಟದಲ್ಲಿ ಹಾಲು, ಕತ್ತಲಲ್ಲಿ ಶೌಚಾಲಯಕ್ಕೆ ಹೋಗಲು ಭಯ. ಹೆಚ್ಚಾಗುವುದೇ ಜಾಸ್ತಿ. ಬೆಳಿಗ್ಗೆ ಐದಕ್ಕೆ ಸಾಲು ಚಾಪೆಗಳ ನಡುವೆ ಒಂದು ಒದ್ದೆ ಚಾಪೆ ಇದ್ದರೆ ಆ ಹುಡುಗನಿಗೆ ಉಳಿದ ದಿನಗಳೆಲ್ಲ ಒಂದೇ ಹೆಸರು. ಹತ್ತು ಹನ್ನೊಂದಕ್ಕೆ ಅವನಿಗೇ ಹೋಗುವ ಮನಸ್ಸಾಗಿ, ಆಗಲೂ ಈ ತೊಂದರೆ ಇದ್ದರೆ, ಮಕ್ಕಳ ವೈದ್ಯರನ್ನು ಎರಡು ತಿಂಗಳು ಮುಂಚೆ ನೋಡಿ. ಡೆಸ್ಮೊಪ್ರೆಸಿನ್ ಎಂಬ ಮಾತ್ರೆಯನ್ನು ಇಂಥ ಪ್ರವಾಸ, ಶಿಬಿರಗಳ ಮಟ್ಟಿಗೆ ಕೊಡುವುದುಂಟು. ಆದರೆ ಅದನ್ನು ಮನೆಯಲ್ಲಿ ಮೊದಲು ಕೊಟ್ಟು ನೋಡಿರಬೇಕು, ಮಾತ್ರೆ ತೆಗೆದುಕೊಂಡ ರಾತ್ರಿ ನೀರು ಹಾಲು ಹೆಚ್ಚು ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿದು ಅಪಾಯವಾಗುತ್ತದೆ. ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ಮಾತ್ರೆಯಲ್ಲ.

ಆದರೆ ನಾನು ಮಗನನ್ನು ಬೇಡ ಎನ್ನುತ್ತಿರುವುದಕ್ಕೆ ಹಾಸಿಗೆಗಿಂತ ದೊಡ್ಡ ಕಾರಣ ಅವನು ಒಲ್ಲೆ ಎನ್ನುತ್ತಿರುವುದು. ಮನೆ ನೆನಪಾಗಿ ಅಳು ಬರುವುದು ಶಿಬಿರಕ್ಕೆ ಹೋದ ಬಹುತೇಕ ಎಲ್ಲ ಮಕ್ಕಳಿಗೂ ಆಗುತ್ತದೆ, ಎರಡು ಮೂರು ದಿನಕ್ಕೆ ತಾನೇ ಇಳಿಯುತ್ತದೆ. ಕೆಲವೇ ಮಕ್ಕಳಿಗೆ ಅದು ಊಟ ಬಿಡುವಷ್ಟು, ನಿದ್ದೆ ಕೆಡುವಷ್ಟು ಬೆಳೆಯುತ್ತದೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2007ರಲ್ಲಿ ಇದರ ಮೇಲೆಯೇ ಒಂದು ವರದಿ ತಂದಿತು. ಮನೆ ಬಿಟ್ಟು ಇದ್ದು ಅಭ್ಯಾಸವಿಲ್ಲದವರು, ಹೋಗುವ ತೀರ್ಮಾನದಲ್ಲಿ ತಮ್ಮದೇನೂ ಮಾತಿಲ್ಲದವರು ಹೆಚ್ಚು ಒದ್ದಾಡುತ್ತಾರೆ ಎಂಬುದು ಅದರಲ್ಲಿದೆ. ನಿಮ್ಮ ಮಗ ಈ ಎರಡನೆಯ ಸಾಲಿನವನು. ಅಜ್ಜಿಯ ಊರಿನಲ್ಲಿ, ಚಿಕ್ಕಪ್ಪನ ಮನೆಯಲ್ಲಿ ಎರಡು ಮೂರು ರಾತ್ರಿ ನೀವಿಲ್ಲದೆ ಮಲಗುವುದು ಈ ಬೇಸಿಗೆಯ ಪಾಠವಾಗಲಿ. ನಿಮ್ಮ ಊರಿನಲ್ಲೇ ಬೆಳಿಗ್ಗೆ ಹೋಗಿ ಸಂಜೆ ಬರುವ ಶಿಬಿರಗಳಿವೆ, ಭಜನೆಯದೇ ಬೇಕೆಂದರೂ ಸಿಗುತ್ತದೆ. ಮಠದ ಸಮಾರೋಪದ ದಿನ ಅಜ್ಜಿಯ ಕೈ ಹಿಡಿದು ಹೋಗಿ, ಅಕ್ಕ ವೇದಿಕೆ ಮೇಲೆ ಹಾಡುವುದನ್ನು ನೋಡಿ, ಅಲ್ಲೇ ಒಂದು ರಾತ್ರಿ ಉಳಿದು ಬರಲಿ. ಮುಂದಿನ ವರ್ಷ ಅವನೇ ಕೇಳಬಹುದು. ಕೇಳದಿದ್ದರೂ ಏನೂ ನಷ್ಟವಿಲ್ಲ.

ಮಗಳ ವಿಷಯದಲ್ಲಿ ಮಠದವರನ್ನು ಕೇಳಲೇಬೇಕಾದ ಇನ್ನೊಂದು ಮಾತಿದೆ. 12 ಎಂದರೆ ಮುಟ್ಟು ಶುರುವಾಗುವ ವಯಸ್ಸು, ಶುರುವಾಗಿದೆಯೋ ಇಲ್ಲವೋ ನೀವು ಬರೆದಿಲ್ಲ. ಮೊದಲ ಮುಟ್ಟು ಅಲ್ಲೇ ಆಗಿಬಿಡಬಹುದು. ಅವಳಿಗೆ ಎಲ್ಲ ವಿವರವಾಗಿ ಹೇಳಿ, ಪ್ಯಾಡ್ ಹಾಕುವುದನ್ನು ತೋರಿಸಿ, ಬ್ಯಾಗಿನಲ್ಲಿ ಒಂದು ಪ್ಯಾಕೆಟ್, ಎರಡು ಒಳಉಡುಪು, ಹಳೆಯ ಪೇಪರ್ ಇಟ್ಟು ಕಳಿಸಿ. ಅಲ್ಲಿ ಯಾವ ಹೆಂಗಸಿಗೆ ಹೇಳಬೇಕು ಎಂಬುದು ಹೆಸರು ಸಹಿತ ಗೊತ್ತಿರಲಿ. ಮುಟ್ಟಾದ ಹುಡುಗಿಯರನ್ನು ಏನು ಮಾಡುತ್ತಾರೆ ಎಂದು ಸಂಕೋಚವಿಲ್ಲದೆ ಕೇಳಿ. ‘ಪೂಜೆಗೆ ಬರುವುದಿಲ್ಲ, ಉಳಿದದ್ದೆಲ್ಲ ಎಲ್ಲರ ಜೊತೆ’ ಎನ್ನುವವರಿದ್ದಾರೆ. ಅದನ್ನು ಒಪ್ಪುವುದು ಬಿಡುವುದು ನಿಮ್ಮ ಮನೆಗೆ ಬಿಟ್ಟದ್ದು, ಆದರೆ ಮಗಳಿಗೆ ಮೊದಲೇ ತಿಳಿಸಿರಬೇಕು, ಅವಳಿಗೂ ಒಪ್ಪಿಗೆಯಿರಬೇಕು. ‘ಮೂರು ದಿನ ಹಿಂದಿನ ಕೋಣೆಯಲ್ಲಿ ಬೇರೆ ಇರಿಸುತ್ತೇವೆ’ ಎಂದರೆ ಕಳಿಸಬೇಡಿ. ಅವಮಾನದ ಮಾತು ಹಾಗಿರಲಿ, ಹನ್ನೆರಡರ ಹುಡುಗಿಯನ್ನು ಗೊತ್ತಿಲ್ಲದ ಊರಿನಲ್ಲಿ ರಾತ್ರಿ ಎಲ್ಲರಿಂದ ದೂರ ಒಬ್ಬಳನ್ನೇ ಮಲಗಿಸುವುದು ಕ್ಷೇಮವಲ್ಲ. ಈ ವಾದ ಅತ್ತೆಯವರಿಗೂ ಅರ್ಥವಾಗುತ್ತದೆ.

ಹೊರಡುವ ಮುಂಚೆ ಒಂದು ಮಾತನ್ನು ಹೇಳಬೇಡಿ, ಒಂದನ್ನು ಹೇಳಿ. ‘ಬೇಜಾರಾದರೆ ಫೋನ್ ಮಾಡು, ಬಂದು ಕರ್ಕೊಂಡು ಬರ್ತೀನಿ’ ಎನ್ನಬೇಡಿ. ಎಲ್ಲ ತಾಯಂದಿರೂ ಹೇಳುವ ಮಾತು ಇದು, ಮೇಲೆ ಹೇಳಿದ ವರದಿಯೂ ಇದನ್ನು ಬೇಡ ಎನ್ನುತ್ತದೆ. ಹಾಗೆಂದರೆ ‘ನಿನ್ನ ಕೈಲಿ ಆಗಲ್ಲ ಅಂತ ನನಗೆ ಗೊತ್ತು’ ಎಂದ ಹಾಗೆ, ಮೊದಲ ಸಂಜೆಯಿಂದಲೇ ಮಗು ಫೋನಿನ ಕಡೆಗೇ ನೋಡುತ್ತಿರುತ್ತದೆ. ಹೇಳಬೇಕಾದ್ದು: ‘ಯಾರಾದರೂ ಮುಟ್ಟಬಾರದ ಕಡೆ ಮುಟ್ಟಿದರೆ, ಹೊಡೆದರೆ, ಅಮ್ಮನಿಗೆ ಹೇಳಬೇಡ ಅಂದರೆ, ಅದು ಯಾರೇ ಆಗಿರಲಿ, ಎಷ್ಟು ದೊಡ್ಡವರೇ ಆಗಿರಲಿ, ನನಗೆ ಹೇಳು. ನಿನ್ನ ಮೇಲೆ ಸಿಟ್ಟಾಗಲ್ಲ.’ ಇದನ್ನು ಯಜಮಾನರ ಎದುರಿಗೇ ಹೇಳಿ, ಅವರ ಬಾಯಿಂದ ಹೇಳಿಸಿದರೆ ಇನ್ನೂ ಒಳ್ಳೆಯದು. ಮೊಬೈಲ್ ಬೇಡ ಎಂಬ ನಿಯಮ ಸರಿಯೇ, ಆದರೆ ಮಠದ ಆಫೀಸ್ ಫೋನಿನಿಂದ ಮೂರು ನಾಲ್ಕು ದಿನಕ್ಕೊಮ್ಮೆ ಮಾತಾಡಿಸಬೇಕು, ಆಗ ಪಕ್ಕದಲ್ಲಿ ಯಾರೂ ನಿಂತು ಕೇಳಿಸಿಕೊಳ್ಳಬಾರದು. ಮನೆಗೆ ಫೋನೇ ಕೂಡದು ಎನ್ನುವ ಶಿಬಿರಕ್ಕೆ ನಾನಾದರೆ ಕಳಿಸುವುದಿಲ್ಲ. ವಿಳಾಸ ಬರೆದ ಐದಾರು ಅಂಚೆ ಕಾರ್ಡ್ ಕೂಡ ಕೊಟ್ಟುಕಳಿಸಿ. ಈಗಲೂ ಕಾರ್ಡಿಗೆ 50 ಪೈಸೆ, ಮಕ್ಕಳು ಬರೆಯುತ್ತಾರೆ, ನೀವು ನಂಬುವುದಿಲ್ಲ ಅಷ್ಟೆ.

ಬಂದ ಮೇಲೆ ಮೊದಲೆರಡು ದಿನ ಪ್ರಶ್ನೆ ಕೇಳಿ ಗೋಳುಹೊಯ್ದುಕೊಳ್ಳಬೇಡಿ. ಕಲಿತದ್ದನ್ನು ಹಾಡಿ ತೋರಿಸಿದರೆ ಕೇಳಿ, ನಗಬೇಡಿ. ದೇವರ ಮನೆಯಲ್ಲಿ ಹೆಚ್ಚು ಹೊತ್ತು ಕೂತರೆ ಗಾಬರಿ ಬೇಡ, ಕೆಲವು ದಿನದ ಹುರುಪು ಅದು. ನಿದ್ದೆಯಲ್ಲಿ ಬೆಚ್ಚಿಬೀಳುವುದು, ಒಬ್ಬ ವ್ಯಕ್ತಿಯ ಹೆಸರು ಬಂದಾಗ ಮಾತು ನಿಲ್ಲಿಸುವುದು, ಸ್ನಾನಕ್ಕೆ ಬಟ್ಟೆ ಬಿಚ್ಚಲು ಹೆದರುವುದು, ಇಲ್ಲದ ಹೊಟ್ಟೆನೋವು, ಇವು ಕಂಡರೆ ತಡಮಾಡಬೇಡಿ. ಮಕ್ಕಳ ಸಹಾಯವಾಣಿ 1098 ಹಗಲು ರಾತ್ರಿ ಇರುತ್ತದೆ, ಮನಸ್ಸಿನ ಆರೋಗ್ಯದ ಸಲಹೆಗೆ ಟೆಲಿಮಾನಸ್ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಅತ್ತೆಯವರ ಜೊತೆ ಧರ್ಮದ ಚರ್ಚೆಗೆ ಇಳಿಯಬೇಡಿ, ಅದರಲ್ಲಿ ಇಬ್ಬರೂ ಗೆಲ್ಲುವುದಿಲ್ಲ. ಅವರ ಬಯಕೆಯಲ್ಲಿ ನ್ಯಾಯವಾದ ಭಾಗವೊಂದಿದೆ, ಮೊಮ್ಮಕ್ಕಳಿಗೆ ತಮ್ಮ ಹಾಡು ಹಸೆ ಗೊತ್ತಿರಲಿ ಎಂಬುದು. ಮಗನಿಗೆ ಈ ಬೇಸಿಗೆಯಲ್ಲಿ ದಿನಕ್ಕೊಂದು ಕಥೆ ಹೇಳುವ ಜವಾಬ್ದಾರಿ ಅವರದೇ ಇರಲಿ. ಎದುರು ಮನೆಯ ಗೆಳೆಯನೂ ಬಂದು ಕೂರುತ್ತಾನೆ, ಕಥೆ ಎಂದರೆ ಯಾವ ಮಗು ಬಿಡುತ್ತದೆ? ಯಜಮಾನರ ಜೊತೆಗಿನ ಮಾತು ಬೇರೆ. ಮಕ್ಕಳಿಲ್ಲದ ಹೊತ್ತಿನಲ್ಲಿ, ಶಿಬಿರದ ಹೆಸರೆತ್ತದೆ, ‘ಮಕ್ಕಳನ್ನು ಎಲ್ಲಿಗೆ ಕಳಿಸುವುದಿದ್ದರೂ ಇಬ್ಬರೂ ಕೂತು ಮಾತಾಡಿದ ಮೇಲೆ’ ಎಂಬುದಷ್ಟನ್ನೇ ಇತ್ಯರ್ಥ ಮಾಡಿಕೊಳ್ಳಿ.

ಕಟ್ಟಿದ ಮುಂಗಡದ ಬಗ್ಗೆ: ಮಗನ ಹೆಸರು ತೆಗೆಸಲು ಈ ವಾರವೇ ಫೋನ್ ಮಾಡಿ, ಜಾಗಕ್ಕಾಗಿ ಕಾಯುತ್ತಿರುವ ಬೇರೆ ಮಕ್ಕಳಿರಬಹುದು. ಹಣ ವಾಪಸ್ ಬಂದರೆ ಬಂತು. ಬಾರದಿದ್ದರೆ ಮಠದ ದಾಸೋಹಕ್ಕೆ ಕೊಟ್ಟೆವೆಂದು ಯಜಮಾನರು ಬರೆದುಕೊಳ್ಳಲಿ, ಅತ್ತೆಯವರಿಗೂ ಅದರಲ್ಲಿ ಬೇಸರವಿರಲಾರದು.